ಹಳೆಯ ಧಾರಾವಾಹಿಗಳ ಶೀರ್ಷಿಕೆ ಸಂಗೀತ: ಮಳೆಗಾಲಕ್ಕೆ ಮೊದಲು ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳೋಣ

ಮಾನ್ಯ ಸಂಪಾದಕರೇ,

ದೂರದರ್ಶನದ ಹಳೆಯ ಧಾರಾವಾಹಿಗಳ ಮಾತು ಬಂದಾಗಲೆಲ್ಲ ನಟರನ್ನು, ಕತೆಯನ್ನು ನೆನೆಯುತ್ತೇವೆ. ಆದರೆ 35 ವರ್ಷ ಕಳೆದ ಮೇಲೂ ಕಿವಿಯಲ್ಲಿ ಅಳಿಯದೆ ನಿಂತಿರುವುದು ಅವುಗಳ ಶೀರ್ಷಿಕೆ ಸಂಗೀತ. ‘ಮಾಲ್ಗುಡಿ ಡೇಸ್‌’ಗೆ ಎಲ್. ವೈದ್ಯನಾಥನ್ ಕೊಟ್ಟ ‘ತಾನ ನನ’ ಇದೆ. ‘ಭಾರತ್ ಏಕ್ ಖೋಜ್‌’ಗೆ ವನರಾಜ್ ಭಾಟಿಯಾ ಕಟ್ಟಿದ, ಋಗ್ವೇದದ ನಾಸದೀಯ ಸೂಕ್ತದ ಸಮೂಹಗಾನವಿದೆ. ‘ಮಹಾಭಾರತ್‌’ನಲ್ಲಿ ರಾಜ್‌ಕಮಲ್ ಸಂಯೋಜಿಸಿ ಮಹೇಂದ್ರ ಕಪೂರ್ ಹಾಡಿದ್ದು, ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಗೆ ನೌಶಾದ್ ಸಂಗೀತ ಕೊಟ್ಟದ್ದು, ನಮ್ಮ ಕರಾವಳಿಯದೇ ಆದ ‘ಗುಡ್ಡದ ಭೂತ’ದ ‘ಡೆನ್ನಾನ’ ಎಲ್ಲವೂ ಆ ಸಾಲಿನವೇ. ಇವು ತುಣುಕು ತುಣುಕಾಗಿ ಎಲ್ಲಿಯೂ ಸಿಗುತ್ತವೆ. ಪ್ರಸಾರವಾದ ದಿನ ಕೇಳಿಸಿದ ಹಾಗೆ, ಮೊದಲ ಸ್ವರದಿಂದ ಕೊನೆಯ ಹೆಸರು ಮೇಲೆ ಸರಿಯುವ ತನಕ, ಸರಿಯಾದ ಶ್ರುತಿಯಲ್ಲಿ ಸಿಗುವುದು ಕಷ್ಟ. ಹಾಗೆ ಉಳಿದಿದ್ದರೆ ಮನೆಮನೆಯ ಕಪಾಟಿನ ಕ್ಯಾಸೆಟ್‌ಗಳಲ್ಲಿ ಉಳಿದಿದೆ. ಕಾಸರಗೋಡಿನ ಹವೆ ಅವನ್ನು ಹೆಚ್ಚು ದಿನ ಉಳಿಯಗೊಡುವುದಿಲ್ಲ. ಮುಂದಿನ ಜಡಿಮಳೆಗೆ ಮೊದಲು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಗಡಿನಾಡಿನ ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ.

ಕಂತುಗಳು ಉಳಿದಾಗ ಶೀರ್ಷಿಕೆ ಸಂಗೀತವೇ ಏಕೆ ಕಳೆದುಹೋಯಿತು? ಅಂದು ಮನೆಯಲ್ಲಿ ಮುದ್ರಿಸಿಕೊಳ್ಳುತ್ತಿದ್ದವರ ಕೈಯಲ್ಲಿದ್ದದ್ದು ಇ-180 ಎಂಬ ವಿಡಿಯೊ ಕ್ಯಾಸೆಟ್, ಮೂರೇ ಗಂಟೆಯದು. ಖಾಲಿ ಕ್ಯಾಸೆಟ್‌ನ ಬೆಲೆ ಹಗುರವಾಗಿರಲಿಲ್ಲ. ಪ್ರಾಯೋಜಕರ ಜಾಹೀರಾತು ಮುಗಿದು ಕತೆ ಶುರುವಾದ ಮೇಲೆ ಗುಂಡಿ ಒತ್ತುವುದು, ಹೆಸರುಪಟ್ಟಿ ಬರುತ್ತಲೇ ನಿಲ್ಲಿಸುವುದು ಸಾಮಾನ್ಯ ಅಭ್ಯಾಸ. ಮುಂದೆ ಮರುಪ್ರಸಾರಗಳಲ್ಲಿ ಸಮಯ ಉಳಿಸಲು ಕತ್ತರಿ ಬಿದ್ದದ್ದೂ ಇದೇ ಭಾಗಕ್ಕೆ. ಈಗ ಮೊಬೈಲಿನಲ್ಲಿ ನೋಡುವವರಿಗೆ ಶೀರ್ಷಿಕೆಯನ್ನು ಹಾರಿಸಿ ಮುಂದೆ ಹೋಗುವ ಗುಂಡಿಯೇ ಇದೆ. ಇನ್ನು ಅಂತರ್ಜಾಲದಲ್ಲಿ ಓಡಾಡುವ ಪ್ರತಿಗಳಲ್ಲಿ ಕೆಲವಂತೂ ಕೃತಿಸ್ವಾಮ್ಯದ ತಪಾಸಣೆಯಿಂದ ತಪ್ಪಿಸಿಕೊಳ್ಳಲು ವೇಗ ಬದಲಿಸಿದವು. ಶೇ 6ರಷ್ಟು ವೇಗ ಹೆಚ್ಚಿದರೆ ಶ್ರುತಿ ಒಂದು ಮನೆ ಏರಿಬಿಡುತ್ತದೆ. ಅದನ್ನೇ ಕೇಳಿ ಬೆಳೆದ ಮಕ್ಕಳಿಗೆ ಅದೇ ಮೂಲವೆನಿಸುತ್ತದೆ.

ಹೆಸರುಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಾದ್ಯ ನುಡಿಸಿದವರು, ಸಮೂಹದಲ್ಲಿ ಹಾಡಿದವರು, ಧ್ವನಿ ಮುದ್ರಿಸಿದವರು ತೆರೆಯ ಮೇಲೆ ಬರುವುದಿದ್ದರೆ ಆ ಕೊನೆಯ ಒಂದೆರಡು ನಿಮಿಷದಲ್ಲಿ ಮಾತ್ರ. ಟಿಪ್ಪು ಧಾರಾವಾಹಿಯ ಚಿತ್ರೀಕರಣದ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು 62 ಮಂದಿ ಪ್ರಾಣ ಕಳೆದುಕೊಂಡರು. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ, ಮುಂದೆ ಟಿಪ್ಪುವಿನ ಸೇನೆ ತಂಗಿದ ಬೇಕಲ ಕೋಟೆಯ ನೆಲದವರಾದ ನಮಗೆ ಆ ಧಾರಾವಾಹಿ ದೂರದ ಕತೆಯಲ್ಲ. ಅದಕ್ಕಾಗಿ ದುಡಿದವರ ಹೆಸರಿರುವ ಭಾಗವನ್ನು ಕತ್ತರಿಸಿ ಎಸೆಯುವುದು ಸರಿಯೆನಿಸುವುದಿಲ್ಲ. ಪ್ರತಿ ಮಾಡುವವರು ಕೊನೆಯ ಅಕ್ಷರ ಮರೆಯಾಗುವ ತನಕ ಯಂತ್ರ ನಿಲ್ಲಿಸಬಾರದು.

ಎಲ್ಲ ಕ್ಯಾಸೆಟ್‌ಗಳಿಗೂ ಒಂದೇ ಅವಸರವಿಲ್ಲ. ‘ರಾಮಾಯಣ್’, ‘ಮಹಾಭಾರತ್’ 2020ರ ಲಾಕ್‌ಡೌನಿನಲ್ಲಿ ದೂರದರ್ಶನದ ವಾಹಿನಿಗಳಲ್ಲೇ ಮತ್ತೆ ಬಂದವು. ಅವುಗಳ ಚಿತ್ರ ಭದ್ರವಾಗಿದೆ. ಮನೆಯ ಪ್ರತಿಯಲ್ಲಿ ಅವುಗಳಿಗೆ ಬೆಲೆ ಇರುವುದು ಶೀರ್ಷಿಕೆ, ಕಂತಿನ ಕೊನೆಯ ಹಾಡು, ನಡುವಿನ ಪ್ರಕಟಣೆ, ಪ್ರಾಯೋಜಕರ ಜಾಹೀರಾತು ಇವುಗಳಿಂದ. ಮೊದಲು ಕೈಹಚ್ಚಬೇಕಾದದ್ದು ಕನ್ನಡದವಕ್ಕೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಚಂದನ ಉಪಗ್ರಹ ವಾಹಿನಿಯಾಗಿ ಬಂದದ್ದು 1990ರ ದಶಕದಲ್ಲಿ. ಈ ನಡುವಿನ ವರ್ಷಗಳಲ್ಲಿ ಪ್ರಸಾರವಾದ ಕನ್ನಡ ಧಾರಾವಾಹಿ, ನಾಟಕ, ಯಕ್ಷಗಾನ ಯಾವುದೇ ಇರಲಿ, ಚೀಟಿಯಲ್ಲಿ ಹೆಸರು ಕಂಡೊಡನೆ ಬೇರೆ ತೆಗೆದಿಡಿ. ಸದಾನಂದ ಸುವರ್ಣರ ‘ಗುಡ್ಡದ ಭೂತ’ದ ಮೂಲ ಪ್ರಸಾರದ ಪ್ರತಿ ಯಾರಲ್ಲಾದರೂ ಇದ್ದರೆ ಅದು ಚಿನ್ನ.

ಇನ್ನು ಬೂಷ್ಟಿನ ವಿಷಯ. ಗಾಳಿಯ ತೇವಾಂಶ ಶೇ 65 ದಾಟಿತೆಂದರೆ ಟೇಪಿನ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೂ ತೇವ ಅದಕ್ಕಿಂತ ಮೇಲೆಯೇ. ಕೆಂಪುಕಲ್ಲಿನ ಹೊರಗೋಡೆಗೆ ತಾಗಿಸಿ ಇಟ್ಟ ಕಪಾಟು ಎಲ್ಲಕ್ಕಿಂತ ಕೆಟ್ಟ ಜಾಗ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ತೇವ ಕಡಿಮೆಯಾದರೂ ಬೇಸಿಗೆಯ ಕಾವಿಗೆ ಟೇಪು ಸುಕ್ಕಾಗುತ್ತದೆ, ಹೊಗೆಯ ಜಿಡ್ಡು ಹಿಡಿಯುತ್ತದೆ. ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನು ಕ್ಯಾಸೆಟ್ಟಿನ ಜೊತೆ ಇಡಲೇಬಾರದು. ಅದರ ಆವಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಮೆತ್ತಗಾಗಿ ಅಂಟುತ್ತದೆ. ಬಿಸಿಲಿಗೆ ಹರಡಿ ಒಣಗಿಸುವುದೂ ತಪ್ಪು.

ಕ್ಯಾಸೆಟ್ಟಿನ ಕಿಟಕಿಯಿಂದ ಒಳಗೆ ಟಾರ್ಚ್ ಹಾಯಿಸಿ ನೋಡಿ. ಸುರುಳಿಯ ಮೇಲ್ಮೈ ಕಪ್ಪಾಗಿ, ನುಣುಪಾಗಿ ಇದ್ದರೆ ಒಳ್ಳೆಯದು. ಬಿಳಿ ಪುಡಿ, ಹತ್ತಿಯಂಥ ಎಳೆ, ಮಚ್ಚೆ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ‘ಒಮ್ಮೆ ಹಾಕಿ ನೋಡೋಣ’ ಎಂದು ವಿಸಿಆರ್‌ಗೆ (ವಿಡಿಯೊ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ತುರುಕಿದರೆ ಮೂರು ಕೆಡುಕು ಒಟ್ಟಿಗೆ ಆಗುತ್ತದೆ: ಅಂಟಿಕೊಂಡ ಟೇಪು ಹರಿಯುತ್ತದೆ, ಟೇಪನ್ನು ಓದುವ ಹೆಡ್ ಕಟ್ಟಿಕೊಳ್ಳುತ್ತದೆ, ಆಮೇಲೆ ಹಾಕಿದ ಪ್ರತಿಯೊಂದು ಒಳ್ಳೆಯ ಕ್ಯಾಸೆಟ್ಟಿಗೂ ಬೂಷ್ಟು ಹರಡುತ್ತದೆ. ಮೊದಲು ಅದನ್ನು ಒಣಗಿಸಬೇಕು. ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹತ್ತು ವಿಡಿಯೊ ಕ್ಯಾಸೆಟ್ಟಿಗೆ ಅರ್ಧ ಕಿಲೊ ಲೆಕ್ಕದಲ್ಲಿ, ಎರಡು ಮೂರು ವಾರ ಬಿಡಿ. ಜೆಲ್ಲಿನ ಬಣ್ಣ ಬದಲಾದಾಗ ಅದನ್ನು ಹೊರತೆಗೆದು ಬಿಸಿ ಮಾಡಿ ಮತ್ತೆ ಬಳಸಬಹುದು. ಒಳಗೆ ಚಿಕ್ಕ ತೇವಮಾಪಕ ಇಟ್ಟು ಶೇ 40ರ ಹತ್ತಿರ ಇಳಿದಿದೆಯೇ ನೋಡುತ್ತಿರಿ. ಒಣಗಿದ ಬೂಷ್ಟು ಪುಡಿಯಾಗಿ ಒರೆಸಲು ಬರುತ್ತದೆ. ಹಸಿಯಿದ್ದಾಗ ಒರೆಸಿದರೆ ಬಳಿದುಕೊಳ್ಳುತ್ತದೆ.

ಒರೆಸುವಾಗ ಮೂಗಿಗೆ ಎನ್-95 ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕಬಾರದು. ಮನೆಯೊಳಗೆ ಬೇಡ, ಜಗಲಿಯಾಚೆ ಗಾಳಿಗೆ ಬೆನ್ನು ಹಾಕಿ ಮಾಡಿ. ಮನೆಗಳಲ್ಲಿ ಸಾಮಾನ್ಯವಾಗಿದ್ದ ವಿಎಚ್‌ಎಸ್ ಬಗೆಯ ವಿಡಿಯೊ ಕ್ಯಾಸೆಟ್ಟಿನ ಅಡಿಯಲ್ಲಿ ಐದು ಸ್ಕ್ರೂಗಳಿರುತ್ತವೆ. ಬಿಚ್ಚಿದೊಡನೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸಣ್ಣ ಸ್ಪ್ರಿಂಗುಗಳು ಹಾರಿಹೋದರೆ ಎಲ್ಲಿ ಕೂರಿಸಬೇಕೆಂಬುದು ಮರೆತುಹೋಗುತ್ತದೆ. ಸುರುಳಿಯ ಎರಡೂ ಬದಿಯನ್ನು ನೂಲು ಬಿಡದ ಬಟ್ಟೆಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ಸೋಕಿಸಿ ಒರೆಸಿ, ಪೂರ್ತಿ ಆರಲು ಬಿಡಿ. ಔಷಧಿ ಅಂಗಡಿಯ ಶೇ 70ರದ್ದು ಬೇಡ, ಅದರಲ್ಲಿ ನೀರಿದೆ. ಬಳಿಕ ಹಾಳಾದರೂ ಚಿಂತೆಯಿಲ್ಲದ ಇನ್ನೊಂದು ಯಂತ್ರದಲ್ಲಿ ಕೊನೆಯ ತನಕ ಸುತ್ತಿ, ಹಿಂದಕ್ಕೆ ಸುತ್ತಿ, ಆಮೇಲಷ್ಟೇ ಒಳ್ಳೆಯ ಯಂತ್ರಕ್ಕೆ ಹಾಕಿ. ಹರಿದ ಟೇಪಿಗೆ ಕಚೇರಿಯ ಸೆಲೋಟೇಪ್ ಹಚ್ಚಿದರೆ ಅದರ ಗೋಂದು ಹೆಡ್ಡಿಗೆ ಅಂಟುತ್ತದೆ. ಸ್ಪ್ಲೈಸಿಂಗ್ ಟೇಪ್ ಎಂದೇ ಸಿಗುವುದನ್ನು ಟೇಪಿನ ಹಿಂಬದಿಗೆ, ಅಂದರೆ ಹೆಡ್ಡಿಗೆ ತಾಗದ ಬದಿಗೆ ಮಾತ್ರ ಹಚ್ಚಬೇಕು. ವಿಡಿಯೊ ಟೇಪಿನಲ್ಲಾದರೆ ಜೋಡಣೆಯ ಜಾಗ ತಿರುಗುವ ಹೆಡ್ಡನ್ನು ಹಾಯದಂತೆ, ಅದರ ಹಿಂದಿನ ಮತ್ತು ಮುಂದಿನ ಭಾಗವನ್ನು ಬೇರೆ ಬೇರೆಯಾಗಿ ನುಡಿಸುವುದೇ ಕ್ಷೇಮ.

ಮತ್ತೊಂದು ಮುಖ್ಯ ಎಚ್ಚರಿಕೆ: ಕ್ಯಾಸೆಟ್ಟಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದುಬಿಡಿ. ಅದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದ ಕ್ಷಣಕ್ಕೆ ಹಳೆಯದು ಅಳಿಯುತ್ತದೆ.

ಯಂತ್ರದ ಕಡೆ ಬರೋಣ. 2016ರಲ್ಲಿ ಜಪಾನಿನ ಫುನಾಯ್ ವಿಸಿಆರ್ ತಯಾರಿ ನಿಲ್ಲಿಸಿದ ಮೇಲೆ ಹೊಸದು ಎಲ್ಲಿಯೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಗಲ್ಫಿನಿಂದ ತಂದ ಬಹುಪದ್ಧತಿಯ ವಿಸಿಆರ್‌ಗಳು ಇನ್ನೂ ಇರುವುದು ನಮ್ಮ ಭಾಗ್ಯ. ಅವುಗಳಲ್ಲಿ ಪಾಲ್, ಮಿ-ಸೆಕಾಮ್ ಎಂದು ಬಣ್ಣದ ಚಿತ್ರದ ಪದ್ಧತಿಯನ್ನು ಆಯ್ಕೆ ಮಾಡುವ ಗುಂಡಿ ಇರುತ್ತದೆ. ಭಾರತದ ಪ್ರಸಾರ ಪಾಲ್ ಪದ್ಧತಿಯದು. ಗುಂಡಿ ತಪ್ಪು ಕಡೆ ಇದ್ದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ, ಜನ ಕ್ಯಾಸೆಟ್ಟೇ ಕೆಟ್ಟಿತೆಂದು ಎಸೆಯುತ್ತಾರೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತಾಗಿರುತ್ತದೆ, ಗ್ರೀಸ್ ಗಟ್ಟಿಯಾಗಿರುತ್ತದೆ. ಆದ್ದರಿಂದ ಬೇಡದ ಕ್ಯಾಸೆಟ್ ಒಂದನ್ನು ಹಾಕಿ ಅರ್ಧ ಗಂಟೆ ಓಡಿಸಿ, ಟೇಪು ತಿನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ವಿಡಿಯೊ ಹೆಡ್ ಶುಚಿ ಮಾಡುವಾಗ ಕಿವಿಗೆ ಹಾಕುವ ಹತ್ತಿಕಡ್ಡಿ ಬಳಸಬಾರದು. ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಆಲ್ಕೊಹಾಲ್ ಸೋಕಿಸಿದ ಮೆತ್ತನೆಯ ಚರ್ಮದ ತುಂಡನ್ನು ಹೆಡ್ ಕೂರಿಸಿದ ತಿರುಗುವ ಡ್ರಮ್ಮಿಗೆ ಹಗುರವಾಗಿ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ನಿಧಾನ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಕೂಡದು. ಆಡಿಯೊ ಹೆಡ್ಡಿಗೆ ಹತ್ತಿಕಡ್ಡಿ ಆದೀತು.

ತೆರೆಯ ಮೇಲಿನ ದೋಷ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಧ್ವನಿ ಸರಿಯಿದ್ದು ಚಿತ್ರ ಮಾತ್ರ ಒಮ್ಮೆಲೇ ಪೂರ್ತಿ ಚುಕ್ಕೆಯಾದರೆ ಹೆಡ್ ಕಟ್ಟಿಕೊಂಡಿದೆ, ತಕ್ಷಣ ನಿಲ್ಲಿಸಿ. ಬಿಳಿ ಗೆರೆಗಳು ಚಕಚಕನೆ ಅಡ್ಡ ಹಾಯ್ದರೆ ಟೇಪಿನ ಲೇಪ ಉದುರಿದೆ. ಒಂದು ಪಟ್ಟಿ ಅಡ್ಡಡ್ಡ ನಿಂತು ಅಲುಗಿದರೆ ಯಂತ್ರದ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೆ ಸಾಕು. ಆದರೆ ಚಿತ್ರದುದ್ದಕ್ಕೂ ಸಮನಾಗಿ ಹರಡಿದ ಮರಳುಮರಳು ಚುಕ್ಕೆ, ಪಾತ್ರದ ಪಕ್ಕದಲ್ಲೇ ಕಾಣುವ ನೆರಳಿನಂಥ ಎರಡನೆಯ ರೂಪ ಇವು ಟೇಪಿನ ದೋಷವಲ್ಲ. ದೂರದ ಗೋಪುರದ ಸಂಕೇತ ಕ್ಷೀಣವಾಗಿ ಬಂದದ್ದರ, ಗುಡ್ಡಕ್ಕೆ ತಾಗಿ ಪ್ರತಿಫಲಿಸಿ ಬಂದದ್ದರ ಗುರುತು ಅವು. ಮುದ್ರಿಸಿದ ದಿನವೇ ಹಾಗಿದ್ದವು. ಎಷ್ಟು ಒರೆಸಿದರೂ ಹೋಗುವುದಿಲ್ಲ, ಹೋಗಿಸುವ ಪ್ರಯತ್ನವೂ ಬೇಡ.

ಈಗ ಸಂಗೀತಕ್ಕೆ ಬರುವ. ಒಂದೇ ಧಾರಾವಾಹಿಯ ಶೀರ್ಷಿಕೆ ವಿಡಿಯೊ ಕ್ಯಾಸೆಟ್ಟಿನಲ್ಲೂ, ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟೋ ತಂತಿ ಜೋಡಿಸಿಯೋ ಮುದ್ರಿಸಿದ ಆಡಿಯೊ ಕ್ಯಾಸೆಟ್ಟಿನಲ್ಲೂ ಇದ್ದರೆ ಎರಡನ್ನೂ ಇಟ್ಟುಕೊಳ್ಳಬೇಕು. ಆಡಿಯೊ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ವಿಎಚ್‌ಎಸ್ ಟೇಪಿನ ಅಂಚಿನಲ್ಲಿರುವ ಸಾದಾ ಧ್ವನಿಪಟ್ಟಿ ಓಡುವುದು ಸೆಕೆಂಡಿಗೆ 2.34 ಸೆಂ.ಮೀ. ಮಾತ್ರ, ಅದನ್ನು ಎಲ್‌ಪಿ ವೇಗದಲ್ಲಿ (ಒಂದೇ ಕ್ಯಾಸೆಟ್ಟಿನಲ್ಲಿ ಎರಡು ಪಟ್ಟು ಹೊತ್ತು ಹಿಡಿಸುವಂತೆ) ಮುದ್ರಿಸಿದ್ದರೆ ಅದರಲ್ಲೂ ಅರ್ಧ. ವೇಗ ಕಡಿಮೆಯಾದಷ್ಟೂ ಮೇಲಿನ ಸ್ವರಗಳ ಹೊಳಪು ಕಡಿಮೆ. ಹಾಗಾಗಿ ತಂತಿ ಜೋಡಿಸಿ ಮುದ್ರಿಸಿದ ಆಡಿಯೊ ಕ್ಯಾಸೆಟ್ಟಿನಲ್ಲಿ ಪಿಟೀಲು, ತಾಳದ ಮೊನಚು ವಿಡಿಯೊಗಿಂತ ಚೆನ್ನಾಗಿ ಉಳಿದಿರುವುದುಂಟು. ಆದರೆ ಶ್ರುತಿಯ ವಿಷಯದಲ್ಲಿ ಇದು ತಿರುವುಮುರುವು. ವಿಡಿಯೊ ಟೇಪಿನಲ್ಲಿ ನಿಯಂತ್ರಣ ಪಟ್ಟಿಯೊಂದು ಮೋಟಾರಿನ ವೇಗವನ್ನು ಚಿತ್ರದ ಲಯಕ್ಕೆ ಕಟ್ಟಿಹಾಕುವುದರಿಂದ ಅದರ ಶ್ರುತಿ ಹೆಚ್ಚುಕಡಿಮೆ ಆಗುವುದಿಲ್ಲ. ಟೇಪ್ ರೆಕಾರ್ಡರ್‌ಗಳ ವೇಗವೋ, ಬೆಲ್ಟಿನ ಹಳತು ಹೊಸತು ನೋಡಿಕೊಂಡು ಶೇ 3ರ ತನಕ ಜಾರಿರುವುದು ಸಾಮಾನ್ಯ. ಶ್ರುತಿಯನ್ನು ವಿಡಿಯೊದಿಂದ, ನಾದದ ಹೊಳಪನ್ನು ಆಡಿಯೊದಿಂದ ತೆಗೆದುಕೊಳ್ಳುವುದು ಸರಿಯಾದ ದಾರಿ.

ವಿಡಿಯೊ ಪ್ರತಿಯೇ ಇಲ್ಲದಿದ್ದಲ್ಲಿ ವಿದ್ಯುತ್ತಿನ ‘ಗುಂಯ್’ ಸದ್ದು ಸಹಾಯಕ್ಕೆ ಬರುತ್ತದೆ. ಮುದ್ರಿಸುವಾಗ ಸೇರಿಕೊಂಡ 50 ಹರ್ಟ್ಜ್ ಗುಂಯ್‌ಗುಡುವಿಕೆಯನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದ ವರ್ಣಪಟಲದಲ್ಲಿ ನೋಡಬಹುದು. ಅದು 51.5ರಲ್ಲಿ ಕಂಡರೆ ಟೇಪು ಶೇ 3 ವೇಗವಾಗಿ ಓಡುತ್ತಿದೆ, ವೇಗವನ್ನು 0.971ರಿಂದ ಗುಣಿಸಬೇಕು. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬೇಡ, ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಬದಲಾಗಬೇಕು. ಟೇಪನ್ನು ನಿಲ್ಲಿಸಿದ ಮೇಲೂ ಕೇಳುವ ಗುಂಯ್ ಇವತ್ತಿನ ಯಂತ್ರದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು ತೊಡಕಿದೆ: 1980ರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲ 50ರಲ್ಲಿ ಸ್ಥಿರವಾಗಿರದೆ ಆಗಾಗ 49, 48ಕ್ಕೆ ಕುಸಿಯುತ್ತಿತ್ತು. ಆದ್ದರಿಂದ ಗುಂಯ್ ಒಂದನ್ನೇ ನಂಬದೆ, ಅಧಿಕೃತವಾಗಿ ಬಿಡುಗಡೆಯಾದ ಪ್ರತಿಯ ಜೊತೆ ತಾಳೆ ನೋಡಿದರೆ ಒಳಿತು.

ಆಡಿಯೊ ಕ್ಯಾಸೆಟ್ ಮಂಕಾಗಿ ಕೇಳಿದರೆ ಬಹುತೇಕ ಸಲ ತಪ್ಪು ಹೆಡ್ಡಿನ ಓರೆಯದು. ಹೆಡ್ಡಿನ ಪಕ್ಕದಲ್ಲಿ, ಸ್ಪ್ರಿಂಗ್ ಇರುವ ಕಡೆ ಒಂದು ಚಿಕ್ಕ ಸ್ಕ್ರೂ ಇದೆ. ಟೇಪು ಓಡುತ್ತಿರುವಾಗ, ಎಡ ಬಲದ ಎರಡೂ ಧ್ವನಿಯನ್ನು ಒಂದಾಗಿಸಿ (ಮೊನೊ) ಕೇಳುತ್ತಾ, ಆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಅತ್ತಿತ್ತ ಮಾಡಿ. ತಾಳದ ‘ಛಣ್’ ಅತ್ಯಂತ ಸ್ಪಷ್ಟವಾಗಿ ಕೇಳಿದಲ್ಲಿ ಬಿಡಿ. ಇದನ್ನು ಪ್ರತಿ ಕ್ಯಾಸೆಟ್ಟಿಗೂ ಬೇರೆಯಾಗಿ ಮಾಡಬೇಕು. ಕ್ಯಾಸೆಟ್ಟಿನೊಳಗಿನ ಚಿಕ್ಕ ಫೆಲ್ಟ್ ತುಂಡು ಗೋಂದು ಒಣಗಿ ಬಿದ್ದಿದ್ದರೂ ಧ್ವನಿ ಏರಿಳಿಯುತ್ತದೆ. ಹಾಗಿದ್ದರೆ ಸುರುಳಿಗಳನ್ನು ಸ್ಕ್ರೂ ಇರುವ ಬೇರೊಂದು ಕವಚಕ್ಕೆ ವರ್ಗಾಯಿಸಿ.

‘ಭಾರತ್ ಏಕ್ ಖೋಜ್‌’ನಂಥ ಸಂಗೀತದಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿ ಇದೆ. ಮೆಲುದನಿಯಲ್ಲಿ ಎದ್ದು ನಿಧಾನ ತುಂಬಿಕೊಳ್ಳುವ ಗಾಯನವದು. ಮನೆಯ ವಿಸಿಆರ್, ಟೇಪ್ ರೆಕಾರ್ಡರ್‌ಗಳು ಧ್ವನಿಯ ಮಟ್ಟವನ್ನು ತಾವೇ ಹೆಚ್ಚು ಕಡಿಮೆ ಮಾಡುವ ಬಗೆಯವು. ಮೆಲುದನಿಯಲ್ಲಿ ‘ಹಿಸ್’ ಸದ್ದು ಏರಿ, ಸಮೂಹ ಜೋರಾದೊಡನೆ ಇಳಿಯುತ್ತದೆ. ಇದನ್ನು ಕಂಡು ಗದ್ದಲ ತೆಗೆಯುವ ತಂತ್ರಾಂಶ ಹಾಯಿಸಿದರೆ ಹಿಸ್‌ನೊಟ್ಟಿಗೆ ಉಸಿರು, ತಂಬೂರಿಯ ಝೇಂಕಾರವೂ ಹೋಗಿ, ನೀರಿನಡಿಯಿಂದ ಕೇಳಿದಂತಾಗುತ್ತದೆ. ಮೂಲಪ್ರತಿಗೆ ಯಾವ ಶೋಧನೆಯೂ ಬೇಡ. ಬೇಕಿದ್ದರೆ ಕೇಳುವ ಪ್ರತಿಗೆ ಮಾಡಿಕೊಳ್ಳಿ.

ಮುದ್ರಿಸುವ ಕ್ರಮ ಹೀಗೆ. ಧ್ವನಿಯನ್ನು ಯಂತ್ರದ ಲೈನ್-ಔಟ್‌ನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತನ್ನಿ. ಮೈಕಿನ ತೂತಿಗೆ ಕೊಟ್ಟರೆ ಧ್ವನಿ ಒಡೆದು ಕೇಳುತ್ತದೆ. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಕಡತ. ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸ್ಟೀರಿಯೊ ಒಂದು ಗಂಟೆಗೆ ಸುಮಾರು 1 ಜಿಬಿ ಬೇಕಾಗುತ್ತದೆ. ಹೈಫೈ ವಿಸಿಆರ್ ಆದರೆ ಹಳೆಯ ಮೊನೊ ಮುದ್ರಣಕ್ಕೆ ‘ನಾರ್ಮಲ್’ ಆಯ್ಕೆ ಮಾಡಬೇಕು. ಚಿತ್ರ 720×576, ಸೆಕೆಂಡಿಗೆ 25 ಚೌಕಟ್ಟು, ಹೆಣೆದ ಗೆರೆಗಳು (ಇಂಟರ್‌ಲೇಸ್) ಹಾಗೆಯೇ ಇರಲಿ. ನಷ್ಟವಿಲ್ಲದ ಎಫ್‌ಎಫ್‌ವಿ1 ಕಡತವಾದರೆ ಗಂಟೆಗೆ 30 ಜಿಬಿ ಮೇಲೆ, ಡಿವಿ ಆದರೆ 13 ಜಿಬಿ. ಜಾಗವಿಲ್ಲದವರು ಡಿವಿ ಮಾಡಿದರೂ ಸಾಕು. ಅಗಲ ಟಿವಿಗೆ ಹೊಂದಲೆಂದು 4:3ರ ಚಿತ್ರವನ್ನು ಎಳೆಯುವುದು, ಮೇಲೆ ಕೆಳಗೆ ಕತ್ತರಿಸುವುದು ದಯವಿಟ್ಟು ಬೇಡ. ಆರ್.ಕೆ. ಲಕ್ಷ್ಮಣ್ ‘ಮಾಲ್ಗುಡಿ’ಗೆ ಬರೆದ ಚಿತ್ರಗಳು ಹಾಗೆ ಕತ್ತರಿಸಿದ ಪ್ರತಿಗಳಲ್ಲಿ ಅರೆಬರೆ ಕಾಣುವುದು ನೋವಿನ ಸಂಗತಿ. ವಿಡಿಯೊವನ್ನು ಕಂಪ್ಯೂಟರಿಗೆ ತರುವ ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಚೌಕಟ್ಟು ತಪ್ಪಿ, ಅರ್ಧ ಗಂಟೆಯಾಗುವಾಗ ತುಟಿಗೂ ಮಾತಿಗೂ ಹೊಂದಿಕೆ ಹೋಗಿರುತ್ತದೆ. ಚೌಕಟ್ಟು ಎಷ್ಟು ತಪ್ಪಿತೆಂದು ತೋರಿಸುವ ಎಣಿಕೆಯ ಮೇಲೆ ಕಣ್ಣಿಡಿ. ಟಿವಿಯ ಮುಂದೆ ಮೊಬೈಲ್ ಹಿಡಿದು ಚಿತ್ರಿಸುವುದು ಯಾವುದಕ್ಕೂ ಬಾರದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಕಡತಕ್ಕೆ ಧಾರಾವಾಹಿಯ ಹೆಸರು, ಗೊತ್ತಿದ್ದರೆ ಕಂತು ಮತ್ತು ದಿನಾಂಕ, ಮೂಲ ವಿಡಿಯೊವೋ ಆಡಿಯೊವೋ ಎಂಬುದನ್ನು ಹೆಸರಾಗಿ ಕೊಡಿ. ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರ, ಧ್ವನಿಮುದ್ರಣಗಳ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1986ರ ಕಂತಿಗೆ 2046ರ ಕೊನೆಯ ತನಕ. ಸ್ವಂತದ, ಸಂಶೋಧನೆಯ ಬಳಕೆಗೆ ಅವಕಾಶವಿದೆ. ಪೂರ್ತಿ ಕಂತನ್ನು ಅಂತರ್ಜಾಲಕ್ಕೆ ಏರಿಸುವುದು, ಮಾರುವುದು ಬೇರೆ ವಿಷಯ. ಯಾರಲ್ಲಿ ಏನಿದೆ ಎಂಬ ಪಟ್ಟಿಯನ್ನು ಹಂಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಅಂಥ ಪಟ್ಟಿಯೇ ಈಗ ಎಲ್ಲಕ್ಕಿಂತ ಅಗತ್ಯ.

ಕೇರಳದ ಗ್ರಂಥಾಲಯ ಚಳವಳಿಯ ಫಲವಾಗಿ ನಮ್ಮ ಪಂಚಾಯತುಗಳಲ್ಲಿ ಗ್ರಂಥಾಲಯಗಳಿಗೆ ಕೊರತೆಯಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕನ್ನಡ ಪುಸ್ತಕ ಇಟ್ಟುಕೊಂಡಿರುವ ಗ್ರಂಥಾಲಯಗಳು ಸೇರಿ ಒಂದು ಸುಸ್ಥಿತಿಯ ವಿಸಿಆರ್, ಒಂದು ಒಳ್ಳೆಯ ಕ್ಯಾಸೆಟ್ ಡೆಕ್, ಒಂದು ಕಂಪ್ಯೂಟರ್ ಒಂದೇ ಕಡೆ ಇಟ್ಟರೆ ಸಾಕು, ಊರೂರಿಗೆ ಬೇಡ. ಒಂದು ಕ್ಯಾಸೆಟ್ಟಿಗೆ ಅದರ ಉದ್ದದಷ್ಟೇ ಸಮಯ ಬೇಕು, ಅದಕ್ಕಿಂತ ಬೇಗ ಮಾಡಲು ದಾರಿಯಿಲ್ಲ. ದಿನಕ್ಕೆ ಎರಡು ಕ್ಯಾಸೆಟ್ ಲೆಕ್ಕದಲ್ಲಿ ಡಿಸೆಂಬರಿನಿಂದ ಫೆಬ್ರವರಿ ತನಕ, ಗಾಳಿ ಒಣಗಿರುವ ಮೂರು ತಿಂಗಳಲ್ಲಿ, ನೂರೈವತ್ತರ ಮೇಲೆ ಆಗುತ್ತದೆ. ಕನ್ನಡ ಓದುವ ಕಾಲೇಜು ವಿದ್ಯಾರ್ಥಿಗಳಿಗೆ ಹೆಸರುಪಟ್ಟಿಗಳನ್ನು ಬರೆದಿಡುವ ಕೆಲಸ ಕೊಡಬಹುದು.

ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಒಂದು ಚಿಕ್ಕ ಜಾಗ ಇದಕ್ಕೆ ಸಿಕ್ಕಿದರೆ, ಯಾರ ಊರಿನಲ್ಲಿ ಯಾವ ಧಾರಾವಾಹಿಯ ಯಾವ ವರ್ಷದ ಪ್ರತಿ ಇದೆ ಎಂಬುದನ್ನು ಓದುಗರು ಬರೆದು ಕಳಿಸಬಹುದು. ನವೆಂಬರಿನೊಳಗೆ ಪಟ್ಟಿ ತಯಾರಾದರೆ ಡಿಸೆಂಬರಿನಲ್ಲಿ ಮೊದಲ ಕ್ಯಾಸೆಟ್ ಯಂತ್ರಕ್ಕೆ ಹಾಕಬಹುದು.

ಇತಿ,
ಓರ್ವ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ